ಮುನ್ನೂರ ತೊಂಬತ್ತಾರು ಪೆಟ್ಟಿಗೆ ಆರೋಪಿಗಳು

೯ ಜನವರಿ ೧೯೧೩, ಗುರುವಾರ

ಇವತ್ತು ನಮ್ಮ ತೋಟಕ್ಕೆ ಸರ್ಕಾರ ಬಂದಿತ್ತು. ಬೋಳುತಲೆ, ನೆಗಡಿ, ಕೈಯಲ್ಲೊಂದು ಮಡಚುವ ಚಾಕು. ಹೆಸರು ವೈಕಾಫ್ ಅಂತೆ, ವಾಷಿಂಗ್ಟನ್ನಿನ ರಸಾಯನಶಾಲೆಯವನಂತೆ. ನನ್ನನ್ನು ಒಂದು ಮಾತು ಕೇಳದೆ ಮನೆಯ ಮುಂದಿನ ಸಾಲಿನಿಂದ ಆರು ಕಿತ್ತಳೆ ಕಿತ್ತು, ಬೇಲಿಯ ಕಂಬದ ಮೇಲಿಟ್ಟು ಒಂದೊಂದನ್ನೇ ಅಡ್ಡಕ್ಕೆ ಕೊಯ್ದ.

"ನೋಡಿ ಅಮ್ಮ, ತೊಳೆ ತೊಳೆ ಮಧ್ಯೆ ಬಿಳಿ ಚುಕ್ಕೆ. ಮೊನ್ನೆಯ ಚಳಿಗೆ ಹಣ್ಣು ಒಳಗೇ ಹೆಪ್ಪುಗಟ್ಟಿಬಿಟ್ಟಿದೆ. ಇನ್ನು ಮೂರು ವಾರ ಹೋದ್ರೆ ರಸ ಆರಿಹೋಗಿ ಬರೀ ನಾರು ಉಳಿಯುತ್ತೆ. ಇದನ್ನ ಬೇರೆ ರಾಜ್ಯಕ್ಕೆ ಕಳಿಸಿದ್ರೆ ಆಹಾರದ ಕಾಯಿದೆ ಪ್ರಕಾರ ಜಪ್ತಿ ಆಗುತ್ತೆ."

"ನಿಮ್ಮ ಕಾಯಿದೆಗೆ ಎಷ್ಟು ವಯಸ್ಸು?" ಅಂದೆ.

"ಜಾರಿಗೆ ಬಂದು ಆರು ವರ್ಷ."

"ಈ ಮರಕ್ಕೆ ಹದಿನಾರು. ಹಣ್ಣಿನ ವಿಷಯ ಯಾರನ್ನ ಕೇಳ್ಬೇಕು ಅಂತ ನೀವೇ ಹೇಳಿ."

ಅವನು ಸೀನಿದ. ನನ್ನ ತಂಗಿ ಲವಿನಿಯಾ ಒಳಗಿನಿಂದ ಅವನಿಗೆ ಬಿಸಿ ಕಾಫಿ ತಂದುಕೊಟ್ಟಳು. ಅವಳ ಸ್ವಭಾವವೇ ಹಾಗೆ. ಬೈಯಲು ಬಂದವರಿಗೂ ಸಕ್ಕರೆ ಹಾಕಿಯೇ ಕೊಡುತ್ತಾಳೆ.

ಚಳಿ ಬಿದ್ದದ್ದು ನಿಜ. ಮೂರು ಬೆಳಗು ನೀರಿನ ತೊಟ್ಟಿಯ ಮೇಲೆ ಹೆಬ್ಬೆರಳು ದಪ್ಪದ ಮಂಜುಗಡ್ಡೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಇಂಥದ್ದನ್ನು ನಾವು ಕಂಡಿರಲಿಲ್ಲ. ಎಲೆ ಸುರುಟಿದೆ, ಅದನ್ನೂ ಒಪ್ಪುತ್ತೇನೆ. ಆದರೆ ಹಣ್ಣು ಬಂಗಾರದ ಹಾಗೆ ತೂಗುತ್ತಿದೆ. ಅಯೋವಾದಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿ, ಈ ಕಲ್ಲು ದಿಬ್ಬವನ್ನು ಕೊಂಡು, ಒಂದೊಂದು ಗುಣಿಯನ್ನೂ ನಾವಿಬ್ಬರೇ ತೋಡಿ ಬೆಳೆಸಿದ ತೋಟ ಇದು. ಆರು ಹಣ್ಣು ಕೊಯ್ದು ತೀರ್ಪು ಹೇಳಲು ಇವನು ಯಾರು?

೧೪ ಜನವರಿ

ಮೊದಲ ವ್ಯಾಗನ್ ಹೋಯಿತು, ಒಮಾಹಾಕ್ಕೆ. ಪೆಟ್ಟಿಗೆಯ ತಲೆಹಲಗೆಯ ಮೇಲೆ 'ಹೋಯ್ಟ್ ಅಕ್ಕತಂಗಿಯರು, ಲೋಮಾ ಸೆಕಾ' ಎಂಬ ನಮ್ಮ ಹೆಸರು, ಊರಿನ ಮುದ್ರೆ ಎಷ್ಟು ಚೆಂದ ಕಾಣುತ್ತಿತ್ತು. ಬೆಳೆಗಾರರ ಸಂಘದ ಮ್ಯಾನೇಜರ್ ಆರ್ಡ್ವೇ ಬಂದು, "ಬೇಗ ಬೇಗ ಕಳಿಸ್ಬಿಡಿ ಮಿಸ್ ಹೋಯ್ಟ್, ಹೊರಗಡೆ ಚೆನ್ನಾಗಿ ಕಾಣೋವಾಗ್ಲೇ" ಎಂದ. ಹೊರಗಡೆ ಎಂಬ ಆ ಮಾತು ನನಗೆ ಹಿಡಿಸಲಿಲ್ಲ. ಹಣ್ಣು ಚೆನ್ನಾಗಿದೆ, ಅದಕ್ಕೇ ಕಳಿಸುತ್ತಿದ್ದೇನೆ.

೨೩ ಜನವರಿ

ಹಣ್ಣು ಕೀಳುವವರ ಮೇಸ್ತ್ರಿ ಸಿಪ್ರಿಯಾನೊ ಇವತ್ತು ಹೆಗಲ ಚೀಲ ಇಳಿಸದೆ ಬಂದು ನಿಂತ.

"ದೊಡ್ಡ ಟೀಚರಮ್ಮ, ಚೀಲ ತುಂಬಿದೆ. ಹೆಗಲಿಗೆ ಗೊತ್ತೇ ಆಗ್ತಿಲ್ಲ."

"ನಿನ್ನ ಹೆಗಲು ಗಟ್ಟಿಯಾಗಿರಬೇಕು."

"ಹೆಗಲು ಹಳೇದೇ ಅಮ್ಮ," ಎಂದು ನಕ್ಕ. ಎರಡು ಹಣ್ಣು ತೆಗೆದು ನನ್ನ ಎರಡು ಕೈಗೆ ಕೊಟ್ಟ. "ಇದು ಮೇಲಿನ ದಿಬ್ಬದ್ದು, ಇದು ಚಳಿ ಇಳಿದು ನಿಂತ ಕೆಳಗಿನ ಹಳ್ಳದ್ದು. ನೀವೇ ತೂಗಿ ನೋಡಿ."

ನಾನು ಎರಡನ್ನೂ ಬುಟ್ಟಿಗೆ ಹಾಕಿ, ಕೆಲಸ ನೋಡು ಎಂದೆ. ಗಾಳಿ ಬಹಳ ಬೀಸುತ್ತಿತ್ತು, ಅಂಥ ಹೊತ್ತಿನಲ್ಲಿ ತೂಕ ನೋಡಲಾಗುವುದಿಲ್ಲ.

೨೭ ಜನವರಿ

ಲವಿನಿಯಾ ಕಿತ್ತಳೆ ರಸ, ಸಿಪ್ಪೆ ಕುದಿಸಿ ಮಾಡಿದ ಮಾರ್ಮಲೇಡ್ ಗಟ್ಟಿಯಾಗಲೇ ಇಲ್ಲ. ಸೌದೆ ಹಸಿಯಾಗಿತ್ತೆಂದು ಕಾಣುತ್ತದೆ. ಅವಳು ಸೌದೆಯ ಮಾತೆತ್ತಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತು ಹಣ್ಣು ಕೊಯ್ದು ಸಾಲಾಗಿ ಜೋಡಿಸಿಟ್ಟು ನನ್ನನ್ನು ಕರೆದಳು.

"ಅಕ್ಕಾ, ಒಂದ್ಸಲ ಬಂದು ನೋಡು."

"ಕೈ ಕೆಸರಾಗಿದೆ."

"ಕಣ್ಣಿಗೇನಾಗಿದೆ? ಹೋಗ್ಲಿ, ಒಂದು ತೊಳೆ ತಿಂದು ನೋಡು."

"ನನಗೆ ಹಸಿವಿಲ್ಲ!"

ಅವಳು ಸಿಪ್ಪೆಯನ್ನೆಲ್ಲ ಕೋಳಿಗಳಿಗೆ ಹಾಕಿ ಸಂಜೆಯವರೆಗೂ ಮಾತಾಡಲಿಲ್ಲ. ಐವತ್ತೊಂದು ವರ್ಷದವಳು ಐದು ವರ್ಷದವಳ ಹಾಗೆ ಮುನಿಸಿಕೊಂಡರೆ ಏನು ಮಾಡುವುದು.

೨೮ ಜನವರಿ

ಎರಡನೆಯ ವ್ಯಾಗನ್ ತುಂಬಿಸಿದೆವು. ಮುನ್ನೂರ ತೊಂಬತ್ತಾರು ಪೆಟ್ಟಿಗೆ. ರೈಲು ಅಂಗಳದಲ್ಲಿ ವೈಕಾಫ್ ನಿಂತಿದ್ದ, ಮೂಗು ಕೆಂಪಗಿತ್ತು. ವ್ಯಾಗನ್ನಿನ ನಂಬರು ಬರೆದುಕೊಂಡ.

"ತಡೀತೀರಾ? ತಡೀರಿ ನೋಡೋಣ," ಎಂದೆ.

"ಇಲ್ಲಿ ತಡೆಯೋ ಅಧಿಕಾರ ನನಗಿಲ್ಲ ಅಮ್ಮ. ಬರ್ಕೊಳ್ಳೋದಷ್ಟೇ."

"ಹಾಗಾದ್ರೆ ಕಾಗುಣಿತ ತಪ್ಪದ ಹಾಗೆ ಬರ್ಕೊಳ್ಳಿ. ಹೋಯ್ಟ್."

೫ ಫೆಬ್ರವರಿ

ತಂತಿ ಬಂದಿದೆ. ಒಮಾಹಾದ ರೈಲು ಅಂಗಳದಲ್ಲಿ ಕೋರ್ಟಿನ ಅಮೀನರು ನಮ್ಮ ಎರಡನೆಯ ವ್ಯಾಗನ್ನನ್ನು ಜಪ್ತಿ ಮಾಡಿದ್ದಾರೆ.

೬ ಫೆಬ್ರವರಿ

ಕೋರ್ಟಿನ ಕಾಗದದ ಪ್ರತಿಯನ್ನು ಆರ್ಡ್ವೇಯ ಕಚೇರಿಯಲ್ಲಿ ಓದಿದೆ. ಅದರಲ್ಲಿ ನನ್ನ ಹೆಸರೇ ಇಲ್ಲ! 'ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಮುನ್ನೂರ ತೊಂಬತ್ತಾರು ಪೆಟ್ಟಿಗೆ ಕಿತ್ತಳೆ.' ಇಡೀ ದೇಶ ಒಂದು ಕಡೆ, ನನ್ನ ಹಣ್ಣು ಇನ್ನೊಂದು ಕಡೆ. ಆರೋಪ ಏನೆಂದರೆ ಕಲಬೆರಕೆ. ನಾನೇನು ಬೆರೆಸಿದೆ? ಚಳಿಯನ್ನೇ?

ಆರ್ಡ್ವೇ ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಬಿಟ್ಬಿಡಿ ಮಿಸ್ ಹೋಯ್ಟ್. ಒಂದು ವ್ಯಾಗನ್ ತಾನೆ. ಉಳಿದೋರ ಮಾಲು ಸದ್ದಿಲ್ಲದೆ ದಾಟ್ತಾ ಇದೆ. ನೀವು ಕೋರ್ಟಿಗೆ ಹೋದ್ರೆ ಪತ್ರಿಕೆಯೋರು ಬರೀತಾರೆ, ಊರಿಗೆ ಊರೇ ಸಿಕ್ಕಿಬೀಳುತ್ತೆ."

"ಸಿಕ್ಕಿಬೀಳೋಕೆ ನಾವೇನು ಕಳ್ಳತನ ಮಾಡಿದೀವಾ?"

"ಹಾಗಲ್ಲ..."

"ಮತ್ತೆ ಹೇಗೆ?"

ಅವನು ಮೀಸೆ ತಿರುವಿಕೊಂಡು ಕಿಟಕಿಯ ಕಡೆ ನೋಡಿದ.

ಹಣ್ಣಿಗೆ ಬಾಯಿಲ್ಲ. ಅದರ ಪರವಾಗಿ ಮಾಲೀಕರು ಹಾಜರಾಗಬಹುದು ಎಂದು ಅದೇ ಕಾಗದದಲ್ಲಿದೆ. ಒಮಾಹಾಕ್ಕೆ ಹೋಗುತ್ತೇನೆಂದು ಲವಿನಿಯಾಗೆ ಹೇಳಿದೆ. ಅವಳು ನನ್ನ ಕಪ್ಪು ಉಣ್ಣೆ ಕೋಟನ್ನು ಬಿಸಿಲಿಗೆ ಹಾಕಿದಳು.

೧೮ ಫೆಬ್ರವರಿ, ರೈಲಿನಲ್ಲಿ

ಎದುರು ಸೀಟಿನ ಹೆಂಗಸು ಕಿತ್ತಳೆ ಸುಲಿಯುತ್ತಿದ್ದಳು. ನನಗೂ ಅರ್ಧ ಕೊಡಲು ಬಂದಳು. ಬೇಡ ಎಂದೆ.

೨೦ ಫೆಬ್ರವರಿ, ಒಮಾಹಾ

ಉಗ್ರಾಣಕ್ಕೆ ಹೋಗಿ ನನ್ನ ಪೆಟ್ಟಿಗೆಗಳನ್ನು ನೋಡಿಬಂದೆ. ಬಾಗಿಲಿಗೆ ಕೋರ್ಟಿನ ಮೊಹರು, ಪಕ್ಕದಲ್ಲೊಬ್ಬ ಅಮೀನ. ಒಳಗೆ ಬಿಡಲಿಲ್ಲ, ಬಾಗಿಲಲ್ಲೇ ನಿಂತು ನೋಡಿದೆ. ವಾಸನೆ ಸ್ವಲ್ಪ ಹುಳಿಯಾಗಿತ್ತು. ಉಗ್ರಾಣಗಳೇ ಹಾಗೆ.

ಹೊರಗೆ ವೈಕಾಫ್ ಸಿಕ್ಕಿದ. ಸಾಕ್ಷಿ ಹೇಳಲು ಅವನನ್ನೂ ಅಷ್ಟು ದೂರದಿಂದ ಕರೆಸಿದ್ದಾರೆ. ನೆಗಡಿ ಈಗ ಕೆಮ್ಮಾಗಿದೆ.

"ಒಂದು ದಾರಿ ಇದೆ ಅಮ್ಮ. ಜಾಮೀನು ಬರೆದುಕೊಟ್ಟು ಹಣ್ಣು ಬಿಡಿಸಿಕೊಳ್ಳಿ. ಒಳ್ಳೇದು ಆರಿಸಿ ಮಾರಿ, ಕೆಟ್ಟದ್ದು ಚೆಲ್ಲಿ. ಕೋರ್ಟ್ ಒಪ್ಪುತ್ತೆ."

"ಆರಿಸೋಕೆ ಕೂತ್ರೆ ಕೆಟ್ಟದ್ದಿದೆ ಅಂತ ನಾನೇ ಒಪ್ಪಿದ ಹಾಗಾಯ್ತಲ್ಲ."

"ಕೆಟ್ಟದ್ದು ಇದೆಯಲ್ಲಮ್ಮ."

"ಅದನ್ನ ನಾಳೆ ನೋಡೋಣ. ಆ ಕೆಮ್ಮಿಗೆ ಈರುಳ್ಳಿ ರಸಕ್ಕೆ ಸಕ್ಕರೆ ಹಾಕಿ ಕುಡೀರಿ."

೨೧ ಫೆಬ್ರವರಿ, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕೋರ್ಟು ಅರ್ಧ ತುಂಬಿತ್ತು, ಹೆಚ್ಚಿನವರು ಬೆಂಕಿ ಕಾಯಿಸಿಕೊಳ್ಳಲು ಬಂದವರು. ನ್ಯಾಯಾಧೀಶರು ಬಿಳಿ ಗಡ್ಡದವರು, ಕಿವಿ ಮಂದ. "ನಿಮ್ಮ ವಕೀಲರೆಲ್ಲಿ?" ಎಂದರು. "ನಾನೇ ಸಾಕು ಮಹಾಸ್ವಾಮಿ, ಹಣ್ಣು ನಂದು," ಎಂದೆ.

ಮೊದಲು ವೈಕಾಫ್. ಬೇರೆ ಬೇರೆ ಪೆಟ್ಟಿಗೆಗಳಿಂದ ನೂರು ಹಣ್ಣು ತೆಗೆದು ಕೊಯ್ದನಂತೆ, ಎಪ್ಪತ್ತೊಂದು ಒಣಗಿದ್ದವಂತೆ. ನಾನು ಎದ್ದು ನಿಂತೆ.

"ಮಿಸ್ಟರ್ ವೈಕಾಫ್, ನೆಟ್ಟಗೆ ನಿಂತು ಉತ್ತರ ಕೊಡಿ. ನೀವು ಯಾವತ್ತಾದ್ರೂ ಒಂದು ಕಿತ್ತಳೆ ಗಿಡ ನೆಟ್ಟಿದೀರಾ?"

"ಇಲ್ಲಮ್ಮ."

"ನೀರು ಹಾಯಿಸಿದೀರಾ? ಎಲೆಗೆ ಹುಳ ಬಿದ್ದಾಗ ಏಣಿ ಹತ್ತಿದೀರಾ?"

"ಇಲ್ಲ."

"ಕೊಯ್ಯೋದು ಮಾತ್ರ ಕಲ್ತಿದೀರಿ."

ಜನ ನಕ್ಕರು. ಅವನ ಕಿವಿ ಕೆಂಪಾಯಿತು. ಆದರೂ ನೆಟ್ಟಗೆ ನಿಂತೇ ಹೇಳಿದ. "ಹೌದು ಅಮ್ಮ. ತಿನ್ನೋರೂ ಅಷ್ಟೇ. ನೆಟ್ಟಿರಲ್ಲ, ಕೊಯ್ದು ನೋಡ್ತಾರೆ."

ಸರ್ಕಾರದ ವಕೀಲ ಇದನ್ನೇ ಕಾಯುತ್ತಿದ್ದವನಂತೆ ಎದ್ದ. "ಮಿಸ್ ಹೋಯ್ಟ್, ಈ ಬೆಳೇಲಿ ನೀವೇ ಒಂದಾದ್ರೂ ಹಣ್ಣು ತಿಂದು ನೋಡಿದೀರಾ?"

"ಕೊಡಿ ಇಲ್ಲಿ," ಎಂದೆ.

ಪೆಟ್ಟಿಗೆ ತರಿಸಿದರು. ಕೈಗೆ ಬಂದ ಮೊದಲ ಹಣ್ಣನ್ನೇ ಎತ್ತಿಕೊಂಡೆ. ಹಗುರವಾಗಿತ್ತು. ಸುಲಿದೆ. ಸಿಪ್ಪೆ ಸಲೀಸಾಗಿ ಬಂತು, ಒಳಗಿನ ತೊಳೆ ಹಳೆಯ ದಿಂಬಿನ ಹತ್ತಿಯ ಹಾಗಿತ್ತು. ಬಾಯಿಗಿಟ್ಟೆ. ಮೊದಲು ಏನೂ ಇಲ್ಲ, ಆಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಅಷ್ಟೂ ಜನ ನನ್ನ ದವಡೆಯನ್ನೇ ನೋಡುತ್ತಿದ್ದರು. ಒಂದು ತೊಳೆಯನ್ನೂ ಬಿಡದೆ ಅಗಿದು ನುಂಗಿದೆ. ಕರವಸ್ತ್ರದಿಂದ ಬಾಯಿ ಒರೆಸಿಕೊಂಡೆ.

"ಚೆನ್ನಾಗಿದೆ," ಎಂದೆ.

"ಇನ್ನೊಂದು ಕೊಡಿಸಲಾ?" ಎಂದರು ನ್ಯಾಯಾಧೀಶರು.

"ಬೇಡ ಮಹಾಸ್ವಾಮಿ. ಹೊಟ್ಟೆ ತುಂಬಿದೆ."

ಆಮೇಲೆ ಇನ್ನೊಂದು ಸಾಕ್ಷಿಯನ್ನು ಕರೆದರು. ಮಿಸ್ ಕೊಹೌಟ್. ಊರಿನ ದಕ್ಷಿಣಕ್ಕೆ, ಕಸಾಯಿಖಾನೆಗಳ ಹಿಂದಿನ ಬೊಹೀಮಿಯಾದಿಂದ ವಲಸೆ ಬಂದವರ ಕೇರಿಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮೂವತ್ತರ ಒಳಗಿನ ವಯಸ್ಸು, ತೋಳಿನ ಅಂಚಿನ ಮೇಲೆ ಸೀಮೆಸುಣ್ಣದ ಪುಡಿ. ಕಂಕುಳಲ್ಲಿ ಒಂದು ಹಲಗೆ ತಂದಿದ್ದಳು. ಅದು ನಮ್ಮ ಪೆಟ್ಟಿಗೆಯ ತಲೆಹಲಗೆ, ಜನವರಿಯಲ್ಲಿ ಹೋದ ಮೊದಲ ವ್ಯಾಗನ್ನಿನದು. ಆ ವ್ಯಾಗನ್ ಜಪ್ತಿಯಾಗಿರಲಿಲ್ಲ. ಊರಲ್ಲೆಲ್ಲ ಮಾರಿಹೋಗಿತ್ತು.

"ನನ್ನ ತರಗತೀಲಿ ಮೂವತ್ತನಾಲ್ಕು ಮಕ್ಕಳು," ಎಂದಳು. "ಭೂಪಟದಲ್ಲಿ ಕ್ಯಾಲಿಫೋರ್ನಿಯಾ ಪಾಠ ಬಂತು. ಅಲ್ಲಿ ಏನು ಬೆಳೆಯುತ್ತೆ ಅಂತ ತೋರಿಸೋಣ ಅಂತ ಒಂದು ಪೆಟ್ಟಿಗೆ ತಂದೆ. ಎಲ್ಲರಿಗೂ ಒಂದೊಂದು ಕೊಟ್ಟೆ."

"ಹಣ್ಣು ಹೇಗಿತ್ತು?" ವಕೀಲ ಕೇಳಿದ.

"ಈಗ ಆ ಅಮ್ಮ ತಿಂದ್ರಲ್ಲ, ಅದೇ ಥರ."

"ಮಕ್ಕಳು ಏನಂದ್ರು?"

"ಏನೂ ಅನ್ನಲಿಲ್ಲ ಸರ್. ಪೂರ್ತಿ ತಿಂದ್ರು. ಎದ್ದು ನಿಂತು ಥ್ಯಾಂಕ್ಸ್ ಹೇಳಿದ್ರು." ಅವಳು ಹಲಗೆಯನ್ನು ತಿರುಗಿಸಿ ಹಿಡಿದುಕೊಂಡಳು. "ಅವರಲ್ಲಿ ಮುಕ್ಕಾಲು ಪಾಲು ಮಕ್ಕಳು ಅದಕ್ಕಿಂತ ಮುಂಚೆ ಕಿತ್ತಳೆ ತಿಂದೇ ಇರಲಿಲ್ಲ. ಕಿತ್ತಳೆ ಅಂದ್ರೆ ಇಷ್ಟೇ ಅಂದ್ಕೊಂಡ್ರು."

ನನ್ನ ಸರದಿ ಬಂತು. ಅವಳನ್ನು ಏನಾದರೂ ಕೇಳುವುದಿದೆಯೇ ಎಂದರು ನ್ಯಾಯಾಧೀಶರು. ಎದ್ದು ನಿಂತೆ. ಬಾಯಲ್ಲಿ ಇನ್ನೂ ಆ ಕಹಿ ಇತ್ತು.

"ಎಷ್ಟನೇ ತರಗತಿ?" ಎಂದೆ.

"ಮೂರನೇದು ಮೇಡಂ."

"ಶಾಲೆ ಎಷ್ಟು ಹೊತ್ತಿಗೆ ಶುರು?"

"ಒಂಬತ್ತಕ್ಕೆ."

ವಕೀಲ ತಕರಾರು ತೆಗೆದ, ಇದು ಸಂಬಂಧವಿಲ್ಲದ ಪ್ರಶ್ನೆ ಎಂದು. ನಾನು ಅವನ ಕಡೆ ನೋಡಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, ಹಣ್ಣಿನ ಪರ ನನ್ನ ವಾದ ವಾಪಸು ತೆಗೆದುಕೊಳ್ಳುತ್ತೇನೆ, ಆದರೆ ಆ ಪೆಟ್ಟಿಗೆಗಳನ್ನು ನಾಶ ಮಾಡುವಾಗ ಮೊದಲನೆಯದನ್ನು ನಾನೇ ಸುರಿಯಬೇಕು, ಅಮೀನರು ಮುಟ್ಟಕೂಡದು ಎಂದೆ. ಅವರು ಗಡ್ಡ ಕೆರೆದುಕೊಂಡು, ಹಾಗೇ ಆಗಲಿ ಎಂದರು.

ಮುಂದಿನ ವಾರದ ರೈಲು ತಪ್ಪಿಸಿಕೊಳ್ಳಬಾರದೆಂದು ವಾದ ಬಿಟ್ಟೆ, ಅಷ್ಟೇ. ನೂರರಲ್ಲಿ ಎಪ್ಪತ್ತೊಂದು ಎಂಬ ಲೆಕ್ಕವನ್ನು ನಾನು ಈಗಲೂ ಒಪ್ಪುವುದಿಲ್ಲ.

೨೨ ಫೆಬ್ರವರಿ

ಇಡೀ ದಿನ ಒಮಾಹಾದ ಹಣ್ಣಿನ ಅಂಗಡಿಗಳನ್ನು ಸುತ್ತಿದೆ. ಒಂದೊಂದು ಅಂಗಡಿಯಲ್ಲೂ ಒಂದು ಹಣ್ಣು ಕೊಂಡು ಅಲ್ಲೇ ಕೊಯ್ದೆ. ನಮ್ಮ ಕಡೆಯದು ಯಾವುದೂ ಆಗಲಿಲ್ಲ. ಒಬ್ಬ ಗ್ರೀಕ್ ಅಂಗಡಿಯವ, "ಏನಜ್ಜಿ, ನೀವು ಸರ್ಕಾರದೋರಾ?" ಎಂದು ಕೇಳಿದ. ಅವನಿಗೆ ಸರಿಯಾಗಿ ಅಂದುಬಿಟ್ಟೆ.

ಕೊನೆಗೆ ಸಿಕ್ಕಿದ್ದು ಫ್ಲಾರಿಡಾದ ಹಣ್ಣು. ಫ್ಲಾರಿಡಾ! ಹದಿನಾರು ವರ್ಷ ಆ ಪೇಲವ ಸಿಪ್ಪೆಯ ಹಣ್ಣನ್ನು ಆಡಿಕೊಂಡು ನಕ್ಕವಳು ನಾನು. ಕೊಯ್ದಾಗ ರಸ ಮುಂಗೈಯವರೆಗೆ ಹರಿಯಿತು. ನಲವತ್ತು ಹಣ್ಣು ಚೀಲಕ್ಕೆ ಹಾಕಿಸಿಕೊಂಡೆ. ಲವಿನಿಯಾಗೆ ಇದನ್ನು ಹೇಳುವುದಿಲ್ಲ.

೨೪ ಫೆಬ್ರವರಿ, ಸೋಮವಾರ

ಒಂಬತ್ತಕ್ಕೆ ಐದು ನಿಮಿಷ ಮುಂಚೆ ಶಾಲೆಯಲ್ಲಿದ್ದೆ. ಮಿಸ್ ಕೊಹೌಟ್ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು, ಜಗಳಕ್ಕೆ ಬಂದೆ ಎಂದುಕೊಂಡಳೋ ಏನೋ. ಹತ್ತು ನಿಮಿಷ ಕೊಡು ಎಂದೆ. ಕೊಟ್ಟಳು.

ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಹದಿನೇಳು ವರ್ಷವಾಯಿತು ನಾನು ತರಗತಿಯ ಮುಂದೆ ನಿಂತು. ಕೋಟು ಬಿಚ್ಚಲಿಲ್ಲ, ಅಲ್ಲಿ ಒಲೆಯ ಕಾವು ಸಾಲದು.

"ಈ ತಿಂಗಳ ಮೊದಲಲ್ಲಿ ನಿಮಗೆ ಕಿತ್ತಳೆ ಅಂತ ಒಂದು ಕೊಟ್ರಲ್ಲ, ನೆನಪಿದೆಯಾ?" ಎಂದೆ.

"ಇದೆ ಟೀಚರ್!"

"ಅದು ಕಿತ್ತಳೆ ಅಲ್ಲ. ಹೊರಗೆ ಹಾಗೆ ಕಾಣ್ತಿತ್ತು, ಒಳಗೆ ಸತ್ತುಹೋಗಿತ್ತು. ಅದನ್ನ ಕಳಿಸಿದ್ದು ನಾನು. ಇದು ನಿಮ್ಮ ಟೀಚರ್ ತಪ್ಪಲ್ಲ."

ಮುಂದಿನ ಸಾಲಿನ ಜಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು. "ಅದೂ ಚೆನ್ನಾಗೇ ಇತ್ತು ಟೀಚರ್."

"ಸುಳ್ಳು ಹೇಳಬಾರದು. ನಾನೂ ತಿಂದಿದೀನಿ."

ಹಣ್ಣು ಹಂಚಿದೆ. ಹೇಗೆ ಸುಲಿಯಬೇಕೆಂದು ತೋರಿಸಿದೆ. ಆ ಜಡೆಯ ಹುಡುಗಿ ಒಂದು ತೊಳೆ ಕಚ್ಚಿದಳು, ರಸ ಗಲ್ಲದ ಮೇಲೆ ಇಳಿಯಿತು, ಬೆದರಿ ಅಂಗೈ ಒಡ್ಡಿ ಹಿಡಿದುಕೊಂಡಳು. ಆಮೇಲೆ ಪಕ್ಕದವಳ ಕಡೆ ತಿರುಗಿ ಜೋರಾಗಿ ನಕ್ಕಳು. ಇಡೀ ತರಗತಿಯಲ್ಲಿ ಗದ್ದಲವೆದ್ದಿತು. ನಾನು ಸುಮ್ಮನಿರಿಸಲು ಹೋಗಲಿಲ್ಲ.

ಮಧ್ಯಾಹ್ನ ನದಿಯ ಕಡೆಯ ಗುಂಡಿಯ ಹತ್ತಿರ ಹೋದೆ. ಮೊದಲ ಪೆಟ್ಟಿಗೆಯನ್ನು ನಾನೇ ಸುರಿದೆ. ಎತ್ತಲು ಯಾರ ಸಹಾಯವೂ ಬೇಕಾಗಲಿಲ್ಲ, ಅಷ್ಟು ಹಗುರ. ಅಮೀನರು ಸೀಮೆಎಣ್ಣೆ ಹೊಯ್ದರು. ವೈಕಾಫ್ ಟೋಪಿ ತೆಗೆದು ನಿಂತಿದ್ದ. ಸರ್ಕಾರದವನಿಗೆ ಅಷ್ಟು ಮರ್ಯಾದೆ ಗೊತ್ತಿದೆ ಎಂದು ನಾನು ತಿಳಿದಿರಲಿಲ್ಲ.

೩ ಮಾರ್ಚ್, ಮನೆ

ಸಿಪ್ರಿಯಾನೊನ ಜೊತೆ ಮೇಲಿನ ದಿಬ್ಬದಿಂದ ಕೆಳಗಿನ ಹಳ್ಳದವರೆಗೆ ಪ್ರತಿ ಸಾಲಿನಲ್ಲೂ ಹಣ್ಣು ಕೊಯ್ದು ನೋಡಿದೆ. ದಿಬ್ಬದ ನಾಲ್ಕು ಸಾಲು ಮಾತ್ರ ಚೆನ್ನಾಗಿದೆ. ಉಳಿದದ್ದನ್ನು ಉದುರಿಸಿ ಬುಡಕ್ಕೆ ಹಾಕಲು ಹೇಳಿದೆ.

"ಎಲ್ಲಾನಾ ಟೀಚರಮ್ಮ?"

"ಎಲ್ಲಾನೂ."

ಲವಿನಿಯಾ ವರಾಂಡದಲ್ಲಿ ನಿಂತು ನೋಡುತ್ತಿದ್ದಳು. ರಾತ್ರಿಯ ಊಟಕ್ಕೆ ನನಗಿಷ್ಟದ ಕೋಳಿ ಮತ್ತು ಹಿಟ್ಟಿನ ಉಂಡೆ ಮಾಡಿದ್ದಳು. ಯಾವ ಹಬ್ಬ ಎಂದು ಕೇಳಿದೆ. ಸುಮ್ಮನೆ ಎಂದಳು.

೧೦ ಮಾರ್ಚ್

ಇವತ್ತು ಸಂಘದ ಶೆಡ್ಡಿನಲ್ಲಿ ಜಗಳವಾಯಿತು.

ದಿಬ್ಬದ ಹಣ್ಣು ಕೊಡಲು ಹೋಗಿದ್ದೆವು. ಹಳಿಯ ಮೇಲೆ ಒಂದು ವ್ಯಾಗನ್ ಅರ್ಧ ತುಂಬಿ ನಿಂತಿತ್ತು. ಹಳ್ಳದ ತೋಟಗಳ ಮಾಲು, ಡೆನ್ವರಿಗೆ. ನಾನು ಸುಮ್ಮನೆ ಒಂದು ಹಣ್ಣು ಎತ್ತಿ ನೋಡಿದೆ. ಕೈಗೆ ಭಾರವೇ ಇಲ್ಲ. ಕೊಯ್ದೆ. ಹತ್ತಿ.

"ಆರ್ಡ್ವೇ, ಇದನ್ನ ಕಳಿಸಬೇಡ."

"ನಿಮ್ಮ ಮಾಲಲ್ಲ ಮಿಸ್ ಹೋಯ್ಟ್. ನಿಮಗ್ಯಾಕೆ?"

"ತಿನ್ನೋರಿಗೆ ಯಾರ ಮಾಲು ಅಂತ ಗೊತ್ತಿರುತ್ತಾ? ಕ್ಯಾಲಿಫೋರ್ನಿಯಾ ಕಿತ್ತಳೆ ಅಂತ ತಿಂತಾರೆ."

"ವೈಕಾಫ್ ಊರಲ್ಲಿಲ್ಲ. ಯಾರೂ ನೋಡೋರಿಲ್ಲ."

"ನಾನು ನೋಡ್ತಾ ಇದೀನಲ್ಲ."

ಹಮಾಲರು ಪೆಟ್ಟಿಗೆ ಹೊತ್ತು ಬರುವ ಹಲಗೆಯ ಮಧ್ಯೆ ಹೋಗಿ ಕುಳಿತುಬಿಟ್ಟೆ. ಮೊದಲು ನಕ್ಕರು, ಆಮೇಲೆ ಕೂಗಾಡಿದರು. ಹಳ್ಳದ ತೋಟದ ಸ್ಟ್ರಿಕ್ಲರ್ ಬಂದು, "ನಿನ್ನ ಹಣ್ಣು ಸುಟ್ರು ಅಂತ ನಮ್ಮದನ್ನೂ ಸುಡಿಸ್ತೀಯಾ ಮುದುಕಿ?" ಎಂದು ಕಿರುಚಿದ. ಸುಡಿಸುತ್ತೇನೆ ಎಂದೆ. ಆರ್ಡ್ವೇ ನನ್ನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿಕೊಂಡು ಹೇಳಿದ. "ನೀವು ಆ ವೈಕಾಫ್‌ಗಿಂತ ಕಡೆ."

ನನ್ನನ್ನು ಇಷ್ಟು ಅವಮಾನ ಮಾಡಿದವರು ಇನ್ನೊಬ್ಬರಿಲ್ಲ. ನನಗೂ ಸರ್ಕಾರಕ್ಕೂ ಯಾವ ಸಂಬಂಧವೂ ಇಲ್ಲವೆಂದು ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದೆ.

ಅಷ್ಟರಲ್ಲಿ ಲವಿನಿಯಾ ಕಚೇರಿಯೊಳಗಿನಿಂದ ಎರಡು ಕುರ್ಚಿ ಎಳೆದುಕೊಂಡು ಬಂದಳು. ಒಂದು ನನಗೆ, ಒಂದು ಅವಳಿಗೆ. "ಹಲಗೆ ಮೇಲೆ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ ಅಕ್ಕ," ಎಂದಳು. ಹಣ್ಣಿಗೆ ಕಾಗದ ಸುತ್ತುವ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲೊಬ್ಬಳು, ಮಿಸೆಸ್ ಪೆಂಗೆಲಿ, ತನ್ನ ಮುಂದಿದ್ದ ಹಣ್ಣನ್ನು ಕೈಯಲ್ಲಿ ತೂಗಿ ನೋಡಿ ಕೆಳಗೆ ಹಾಕಿದಳು. ಆಮೇಲೆ ಇನ್ನೊಂದನ್ನು ಹಾಕಿದಳು. ನೋಡನೋಡುತ್ತ ಶೆಡ್ಡಿನ ತುಂಬ ಹಣ್ಣು ಉರುಳುವ ಸದ್ದು.

ಎಂಜಿನ್ ಬಂದು ಕೂಗಿ ಕೂಗಿ ವ್ಯಾಗನ್ನನ್ನು ಬಿಟ್ಟೇ ಹೋಯಿತು.

ಸಂಜೆ ಆರ್ಡ್ವೇ ಆಳಿನ ಕೈಯಲ್ಲಿ ಕಾಗದ ಕಳಿಸಿದ್ದಾನೆ. ಹೋಯ್ಟ್ ಅಕ್ಕತಂಗಿಯರನ್ನು ಸಂಘದಿಂದ ತೆಗೆದುಹಾಕಲಾಗಿದೆ, ಶೆಡ್ಡಿನೊಳಗೆ ಕಾಲಿಡುವಂತಿಲ್ಲ. ಲವಿನಿಯಾ ಎರಡು ಸಲ ಓದಿ, ಮಡಿಸಿ, ಒಲೆ ಹೊತ್ತಿಸಲು ಇಟ್ಟುಕೊಂಡಳು.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಆ ವ್ಯಾಗನ್ನನ್ನು ಮತ್ತೆ ತುಂಬಿಸುತ್ತಾರಂತೆ, ಸಿಪ್ರಿಯಾನೊ ಕೇಳಿಕೊಂಡು ಬಂದ. ನಾವು ಆರೂವರೆಗೇ ಹೋಗುತ್ತೇವೆ.